ಮೆತ್ತೆ ಕೊಳ್ಳಲು ಹೋದ ಹೆಬ್ಬೆರಳು

ನನ್ನ ಬಲಗೈಯ ಹೆಬ್ಬೆರಳಿಗೆ ಒಂದು ಕೆಟ್ಟ ಚಾಳಿ ಇದೆ. ಬಟ್ಟೆ ಕಂಡರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಮುಂದೆ ಹೋಗುತ್ತದೆ. ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತವರ ಶಲ್ಯದ ತುದಿಯನ್ನು ಉಜ್ಜಿ ನೋಡುತ್ತದೆ, ಹೋಟೆಲಿನಲ್ಲಿ ಮೇಜಿನ ಹಾಸನ್ನು ಉಜ್ಜಿ ನೋಡುತ್ತದೆ. ಒಮ್ಮೆ ಸಾವಿನ ಮನೆಯಲ್ಲಿ ಸತ್ತವರಿಗೆ ಹೊದಿಸಿದ್ದ ವಸ್ತ್ರದ ಕಡೆಗೂ ಹೊರಟಿತ್ತು. ಹೆಂಡತಿ ಸರೋಜ ಮೊಣಕೈಯಲ್ಲಿ ತಿವಿದದ್ದರಿಂದ ಮಾನ ಉಳಿಯಿತು. ನೇಯುವವರ ಮನೆಯಲ್ಲಿ ಹುಟ್ಟಿ, ತಿರುಪ್ಪೂರಿನ ಒಂದು ರಫ್ತು ಕಂಪನಿಯಲ್ಲಿ ಮೂವತ್ತು ವರ್ಷ ಬಟ್ಟೆ ತಪಾಸಣೆ ಮಾಡಿದವನ ಹೆಬ್ಬೆರಳು ಬೇರೆ ಹೇಗಿದ್ದೀತು ಹೇಳಿ.

ಈ ಚಾಳಿಯಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ಹೆಣ್ಣು ನೋಡಲು ಹೋದ ದಿನ ಸರೋಜ ಕಾಫಿ ತಂದಿಟ್ಟು, ಐದು ನಿಮಿಷ ನನ್ನ ಎದುರಿಗೇ ನಿಂತು ಒಳಗೆ ಹೋದಳಂತೆ. ಹೊರಗೆ ಬಂದ ಮೇಲೆ ನನ್ನ ಅಕ್ಕ, ಸೌಡಮ್ಮ, ಮೆಲ್ಲಗೆ ಕೇಳಿದಳು.

"ಹುಡುಗಿ ಹೆಂಗಿದ್ದಾಳೆ ತಮ್ಮಾ?"

"ಅಂಚು ಚೆನ್ನಾಗಿ ಕೂತಿದೆ ಅಕ್ಕಾ. ಹೊಕ್ಕು ಮಾತ್ರ ಸ್ವಲ್ಪ ಸಡಿಲ," ಎಂದೆ ನಾನು.

ಅಕ್ಕ ನಡುಬೀದಿಯಲ್ಲೇ ಹಣೆ ಚಚ್ಚಿಕೊಂಡಳು. "ಸೀರೆ ಜೊತೆಗೆ ಸಂಸಾರ ಮಾಡ್ತೀಯೇನೋ? ನಡಿ ಒಳಗೆ, ಮೊಖ ನೋಡ್ಕೊಂಡು ಬಾ." ಕೊಡೆ ಮರೆತೆವು ಎಂದು ಸುಳ್ಳು ಹೇಳಿ ನನ್ನನ್ನು ಮತ್ತೆ ಒಳಗೆ ಕರೆದುಕೊಂಡು ಹೋದಳು. ಅದು ಬಿರುಬೇಸಿಗೆ, ಕೊಡೆ ತಂದೇ ಇರಲಿಲ್ಲ. ಹಾಗೆ ಎರಡನೆಯ ಸಲ ನೋಡಿದ ಮುಖ ಇವತ್ತಿಗೂ ನನ್ನ ಮನೆಯಲ್ಲಿದೆ. ಅಕ್ಕ ಅವತ್ತು ಹಿಂದಕ್ಕೆ ತಳ್ಳದಿದ್ದರೆ ನಾನು ಸೀರೆಯ ಅಂಚನ್ನು ನೆನೆದುಕೊಂಡು ಬಸ್ಸು ಹತ್ತುತ್ತಿದ್ದೆ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಹೋದ ವರ್ಷ ಅಕ್ಕನಿಗೆಂದು ನಾನೊಂದು ದಿವಾನ್ ಮಾಡಿಸಿದೆ. ಅದಕ್ಕೊಂದು ಮೆತ್ತೆ ಕೊಂಡೆ. ಹಾಸಿಗೆಗೆ ನಮ್ಮ ಮನೆಯಲ್ಲಿ ಮೆತ್ತೆ ಅನ್ನುವುದು ರೂಢಿ. ಅಕ್ಕನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು, ತಮಿಳುನಾಡಿನಲ್ಲಿರುವ ನಮ್ಮ ಕಡೆಯ ಮುಕ್ಕಾಲು ಪಾಲು ಕನ್ನಡದವರ ಹಾಗೆ. ನಾನು ಕೂಡ ನಲವತ್ತು ದಾಟಿದ ಮೇಲೆ, ಮೈಸೂರಿನಿಂದ ಬರುತ್ತಿದ್ದ ನೂಲಿನ ವ್ಯಾಪಾರಿಯೊಬ್ಬರ ಬಳಿ ಅಕ್ಷರ ಕಲಿತವನು. ಅವಳು ಓದಲಾರಳು ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕೊಯಮತ್ತೂರಿನ ಪಕ್ಕದ ಕರುಮತ್ತಂಪಟ್ಟಿಯ ನಮ್ಮ ಮನೆಯಲ್ಲಿ ನಾನು ಹುಡುಗನಾಗಿದ್ದಾಗ ಒಂದೇ ಒಂದು ಮೆತ್ತೆ ಇತ್ತು. ಬೂರುಗದ ಹತ್ತಿ ತುಂಬಿದ್ದು. ನಾವು ಅದನ್ನು ಇಲವಂಪಂಜು ಅಂತಲೇ ಕರೆಯುವುದು. ಅಪ್ಪ ಮದುವೆಯ ಹೊಸತರಲ್ಲಿ ತಾನೇ ಗವುಸು ನೇಯ್ದು, ಅವ್ವ ಹತ್ತಿ ಬಿಡಿಸಿ ತುಂಬಿ ಹೊಲಿದದ್ದಂತೆ. ನೀಲಿ ಪಟ್ಟೆಯ ದಪ್ಪ ಬಟ್ಟೆ. ನಾನು ಹುಟ್ಟುವ ಹೊತ್ತಿಗೆ ಆ ನೀಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹತ್ತಿ ಗಂಟುಗಂಟಾಗಿ ಅಲ್ಲೊಂದು ಗುಡ್ಡ ಇಲ್ಲೊಂದು ಹಳ್ಳ ಆಗಿತ್ತು. ಒಂದು ಹಳ್ಳದಲ್ಲಿ ನಾನು ಸರಿಯಾಗಿ ಹಿಡಿಸುತ್ತಿದ್ದೆ. ಮನೆಯಲ್ಲಿ ನಾಲ್ಕು ಜನ. ಮೂವರು ಚಾಪೆಯ ಮೇಲೆ, ನಾನೊಬ್ಬ ಮೆತ್ತೆಯ ಮೇಲೆ. ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ ನಾನು ಹುಟ್ಟುವ ತನಕ ಅದರ ಮೇಲೆ ಮಲಗುತ್ತಿದ್ದಳಂತೆ. ನಾನು ಬಂದ ಮೇಲೆ ಕೆಳಗಿಳಿದಳು.

ನಾಚಿಕೆಯ ಮಾತು, ಆದರೂ ಹೇಳಿಬಿಡುತ್ತೇನೆ. ಎಂಟು ವರ್ಷ ತುಂಬುವ ತನಕ ನಾನು ಆ ಮೆತ್ತೆಯನ್ನು ವಾರಕ್ಕೆರಡು ಸಲವಾದರೂ ನೆನೆಸುತ್ತಿದ್ದೆ. ಅಪ್ಪ ಮುಂಗೋಪಿ. ಸಿಕ್ಕಿಬಿದ್ದರೆ ಬೆನ್ನು ಉಳಿಯುತ್ತಿರಲಿಲ್ಲ. ಹಾಗಾಗಿ ಅಕ್ಕ ಎಲ್ಲರಿಗಿಂತ ಮುಂಚೆ ಏಳುತ್ತಿದ್ದಳು. ನನ್ನನ್ನು ಎತ್ತಿ ಚಡ್ಡಿ ಬದಲಿಸಿ, ಮೆತ್ತೆಯನ್ನು ಮಗುಚಿ ಹಾಕಿ, ಅದರ ಮೇಲೆ ಕೈಯಿಂದ ಒತ್ತಿ ಒತ್ತಿ ನಾನು ರಾತ್ರಿಯೆಲ್ಲ ಒಣಗಿದ ಕಡೆಯೇ ಮಲಗಿದ್ದೆ ಅನ್ನುವ ಹಾಗೆ ಒಂದು ತಗ್ಗು ಮಾಡಿಡುತ್ತಿದ್ದಳು. ಅಪ್ಪ ಮೂಗು ಅರಳಿಸಿದರೆ, "ಚೊಂಬು ಉರುಳ್ತು ಅಪ್ಪಾ, ನಂದೇ ತಪ್ಪು," ಅನ್ನುತ್ತಿದ್ದಳು. ಏಟು ಬಿದ್ದರೆ ಅವಳಿಗೇ ಬೀಳುತ್ತಿತ್ತು. ಆಮೇಲೆ ನನ್ನ ಕಿವಿ ಹಿಂಡಿ ನಗುತ್ತಿದ್ದಳು. ಒಂದು ಸಲ ಅವಳ ತೋಳಿನ ಮೇಲೆ ಬರೆ ನೋಡಿ ನಾನು ಅತ್ತುಬಿಟ್ಟೆ. "ದೊಡ್ಡವನಾದ ಮೇಲೆ ನಿನಗೆ ಹೊಸ ಮೆತ್ತೆ ತಂದುಕೊಡ್ತೀನಿ ಅಕ್ಕಾ," ಎಂದೆ. "ಮೊದಲು ಇದನ್ನು ಒಣಗಿಸೋಣ ಬಾ," ಎಂದಳು ಅವಳು.

ಮೆತ್ತೆಯ ಗುಟ್ಟು ಮುಚ್ಚಿಡುವುದರಲ್ಲಿ ಅವಳಿಗಿದ್ದ ಈ ಕೈಚಳಕವನ್ನು ನಾನು ಮರೆಯಬಾರದಿತ್ತು.

ಅಪ್ಪನಿಗೆ ಕೆಮ್ಮು ಹಿಡಿದು ಮಗ್ಗದಿಂದ ಏಳಬೇಕಾಗಿ ಬಂದಾಗ ಅಕ್ಕನಿಗೆ ಹದಿನೇಳೋ ಹದಿನೆಂಟೋ. ನಮ್ಮದು ಗುಂಡಿಮಗ್ಗ. ನೆಲದಲ್ಲಿ ಒಂದು ಗುಂಡಿ, ಅದರ ಅಂಚಿನಲ್ಲಿ ಕೂರುವ ಹಲಗೆ, ಗುಂಡಿಯೊಳಗೆ ಕಾಲಲ್ಲಿ ತುಳಿಯುವ ಎರಡು ಪಟ್ಟಿ. ಅಕ್ಕ ಕೂರುವ ಮೊದಲು ಅಪ್ಪ ಒಂದು ನೂಲು ತೆಗೆದುಕೊಂಡು ಅವಳ ಮಂಡಿಯ ಹಿಂಭಾಗದಿಂದ ಹಿಮ್ಮಡಿಯ ತನಕ ಅಳೆದು ಗಂಟು ಹಾಕಿದ. ಆ ಗಂಟಿನ ಲೆಕ್ಕಕ್ಕೆ ಹಲಗೆಯನ್ನು ತಗ್ಗಿಸಿದ. ನಮ್ಮವರಲ್ಲಿ ಇದು ಪದ್ಧತಿ. ಹೊಸಬರು ಮಗ್ಗಕ್ಕೆ ಕೂರುವ ದಿನ ಮೊದಲು ನೂಲು, ಆಮೇಲೆ ಪೂಜೆ. "ಕೂರೋರನ್ನ ಅಳೀದೆ ಹಲಗೆ ಹಾಕಬಾರದು, ಕಾಲು ಎಟುಕದಿದ್ರೆ ಸೊಂಟ ಹೋಗುತ್ತೆ," ಅನ್ನುತ್ತಿದ್ದ ಅಪ್ಪ. ಗಂಟು ಹಾಕಿದ ನೂಲನ್ನು ಬಿಸಾಡುವ ಹಾಗಿಲ್ಲ. ಚೌಡೇಶ್ವರಿಯ ಪಟದ ಕೆಳಗಿನ ಮೊಳೆಗೆ ಸಿಕ್ಕಿಸಬೇಕು. ಅಪ್ಪನದು, ಅವ್ವನದು, ಅಕ್ಕನದು, ಮೂರು ನೂಲು ಅಲ್ಲಿ ತೂಗುತ್ತಿದ್ದವು. ನನ್ನದು ಇರಲಿಲ್ಲ. ನಾನು ಮಗ್ಗಕ್ಕೆ ಕೂರಲೇ ಇಲ್ಲ. ಅಕ್ಕ ಕೂತದ್ದರಿಂದ ನಾನು ಕೊಯಮತ್ತೂರಿಗೆ ಓದಲು ಹೋದೆ. ಅವಳಿಗೆ ಬಂದ ಎರಡು ಮೂರು ಸಂಬಂಧಗಳು ನನ್ನ ಓದು ಮುಗಿಯಲಿ ಎಂದು ಕಾದು, ಕಾಯಲಾರದೆ ಹೊರಟುಹೋದವು.

ಆ ಮೂರು ನೂಲು ಎಷ್ಟೋ ವರ್ಷ ನನ್ನ ಕಣ್ಣೆದುರಿಗೆ ಇದ್ದವು. ಊಟಕ್ಕೆ ಕೂತರೆ ನೇರವಾಗಿ ಕಾಣುತ್ತಿದ್ದವು.

ಅಕ್ಕ ಈಗ ಇರುವುದು ನಮ್ಮ ದೊಡ್ಡಪ್ಪನ ಮೊಮ್ಮಗಳು ಮಣಿಯ ಮನೆಯಲ್ಲಿ, ಅದೇ ಕರುಮತ್ತಂಪಟ್ಟಿಯಲ್ಲಿ. ಮಣಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕನೇ. ಮುಂದಿನ ಕೊಠಡಿಯಲ್ಲಿ ನಾಲ್ಕು ಪವರ್‌ಲೂಮ್, ಹಿಂದೆ ಸಂಸಾರ. ಹೋದ ವರ್ಷ ಅಕ್ಕನ ಮಂಡಿಗೆ ಆಪರೇಷನ್ ಆಯಿತು. ಇನ್ನು ಮೇಲೆ ನೆಲದ ಮೇಲೆ ಕೂರಬಾರದು, ನೆಲದ ಮೇಲೆ ಮಲಗಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನನಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಎಷ್ಟು ವರ್ಷದಿಂದ ಕರೆಯುತ್ತಿದ್ದೇನೆ, ಬಂದರೂ ಎರಡು ದಿನಕ್ಕೆ ಓಡುತ್ತಿದ್ದಳು. ಈಗ ಕೊಯಮತ್ತೂರಿನ ನಮ್ಮ ಆರ್.ಎಸ್. ಪುರಂ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನು ಕಳಿಸುವುದಿಲ್ಲ ಎಂದು ತೀರ್ಮಾನ ಮಾಡಿದೆ. ನಡುಮನೆಯ ಕಿಟಕಿಯ ಕೆಳಗೆ ಒಂದು ದಿವಾನ್, ಅದರ ಮೇಲೆ ಸುಮಾರು ಅರವತ್ತು ವರ್ಷದ ಹಿಂದೆ ನಾನು ಮಾತು ಕೊಟ್ಟ ಮೆತ್ತೆ.

ದಿವಾನ್ ಮಾಡಲು ಬಂದವನು ಮುರುಗೇಶ ಆಸಾರಿ. ಬಡಗಿಗೆ ನಾವು ಆಸಾರಿ ಅನ್ನುತ್ತೇವೆ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವನು ಕೇಳಿದ್ದು ಎರಡೇ ಪ್ರಶ್ನೆ.

"ಮೇಲೆ ಪ್ಲೈವುಡ್ ಹಾಕಲಾ, ನಾಡಾ ಪಟ್ಟಿ ಹೆಣೀಲಾ?"

"ಪ್ಲೈವುಡ್. ಕೆಳಗೆ ಎರಡು ಡ್ರಾಯರ್ ಇರಲಿ."

"ಎತ್ತರ? ಯಾರು ಕೂರೋದು ಸಾಮಿ ಇದರ ಮೇಲೆ?"

"ಕಿಟಕಿ ಕಟ್ಟೆಗೆ ಸಮನಾಗಿ ಬರಬೇಕು. ಮೆತ್ತೆ ಹಾಕಿದ ಮೇಲೆ ಕಟ್ಟೆಯೂ ಅದೂ ಒಂದೇ ಸಾಲು. ನೋಡಲು ಅಂದವಾಗಿರುತ್ತೆ," ಎಂದೆ.

ಆಸಾರಿ ನನ್ನನ್ನೊಮ್ಮೆ ನೋಡಿ, ಹೋಗಿ ಕಿಟಕಿಯನ್ನು ಅಳೆದ.

ಮೆತ್ತೆ ಅಂಗಡಿಗೆ ಹೊರಟಾಗ ಸರೋಜ ಹೇಳಿದಳು, "ಅಕ್ಕನ್ನ ಕರ್ಕೊಂಡು ಹೋಗಿ. ಮಲಗಿ ನೋಡಲಿ." ನನಗೆ ಅದು ಹಿಡಿಸಲಿಲ್ಲ. ಅಕ್ಕ ಅಂಗಡಿಗೆ ಬಂದರೆ ಇದೆಲ್ಲ ಯಾಕಪ್ಪಾ ಎಂದು ವಾಪಸು ಹೊರಡಿಸುತ್ತಾಳೆ. ಸಿದ್ಧ ಮಾಡಿಟ್ಟು ಒಮ್ಮೆಗೇ ತೋರಿಸಬೇಕು, ಅವಳ ಮುಖ ಅರಳಬೇಕು. ನನ್ನ ಆಸೆ ಅದು. ಮೆತ್ತೆ ಅಕ್ಕನಿಗೆ ಬೇಕಿತ್ತೋ ಆ ಅರಳಿದ ಮುಖ ನನಗೆ ಬೇಕಿತ್ತೋ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಅಂಗಡಿಯ ಯಜಮಾನರು ನನ್ನ ವಯಸ್ಸಿನವರೇ, ದೊಡ್ಡ ಹೊಟ್ಟೆ, ಇನ್ನೂ ದೊಡ್ಡ ತಾಳ್ಮೆ. ಸಾಲಾಗಿ ಹಾಸಿದ ಮೆತ್ತೆಗಳ ನಡುವೆ ನನ್ನನ್ನು ನಡೆಸಿಕೊಂಡು ಹೋದರು. ಇದು ತೆಂಗಿನ ನಾರಿನದು, ಆನೈಮಲೈ ಕಡೆಯ ನಾರು, ಗಟ್ಟಿ. ಇದು ಸ್ಪ್ರಿಂಗು. ಇದು ಫೋಮು, ಮಲಗಿದರೆ ಮೈಯನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಮೂಲೆಯಲ್ಲಿ ಇಲವಂಪಂಜಿನ ತೆಳು ಮೆತ್ತೆಯೂ ಒಂದಿತ್ತು. ಅದನ್ನು ನೋಡಿ ನನಗೆ ಹಳೆಯ ವಾಸನೆ ನೆನಪಾಗಿ ಬೇಗ ಮುಂದೆ ಹೋದೆ.

"ಚಪ್ಪಲಿ ಬಿಟ್ಟು ಒಂದು ಹತ್ತು ನಿಮಿಷ ಮಲಗಿ ನೋಡಿ ಸಾರ್," ಎಂದರು ಅವರು ತಮಿಳಿನಲ್ಲಿ.

ಹಗಲು ಹೊತ್ತು, ಎದುರಿಗೆ ರಸ್ತೆ, ಗಾಜಿನ ಗೋಡೆ. ಅಲ್ಲಿ ಕಾಲು ಚಾಚಿ ಮಲಗಲು ನನಗೇನು ಮಾನ ಮರ್ಯಾದೆ ಇಲ್ಲವೇ. ಬೇಡ ಎಂದೆ.

"ಯಾರಿಗೆ ಸಾರ್? ವಯಸ್ಸಾದವರಿಗಾ? ಎತ್ತರ ಎಷ್ಟು, ತೂಕ ಎಷ್ಟು?"

ಅಷ್ಟರಲ್ಲಿ ನನ್ನ ಹೆಬ್ಬೆರಳು ಹೊರಟಾಗಿತ್ತು. ಎಂಟಿಂಚು ದಪ್ಪದ ಒಂದು ಫೋಮ್ ಮೆತ್ತೆಯ ಗವುಸು, ಅದೇನು ಬಟ್ಟೆ ಎಂದುಕೊಂಡಿರಿ. ಹತ್ತಿಯದು, ಬಿಗಿ ನೇಯ್ಗೆ, ಒಂದೇ ಒಂದು ಎಳೆ ತಪ್ಪಿಲ್ಲ. ನೀಲಿ ಪಟ್ಟೆ ಬೇರೆ. ಜೇಬಿನಲ್ಲಿ ನೂಲು ಎಣಿಸುವ ಮಡಚುಗನ್ನಡಿ ಇತ್ತು, ನಿವೃತ್ತಿಯಾದರೂ ಅದು ನನ್ನ ಜೇಬು ಬಿಟ್ಟಿಲ್ಲ. ಅದನ್ನು ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ, ಇಂಚಿಗೆ ಎಷ್ಟು ಹಾಸು ಎಷ್ಟು ಹೊಕ್ಕು ಎಂದು ಎಣಿಸಿದೆ. ಎರಡು ಕಡೆ ಎಣಿಸಿ ಖಚಿತ ಮಾಡಿಕೊಂಡೆ. ಯಜಮಾನರು ಮೆತ್ತೆಯ ಒಳಗೆ ಏನಿದೆ ಎಂದು ಹೇಳುತ್ತಲೇ ಇದ್ದರು. ನಾನು ಲೆಕ್ಕ ತಪ್ಪುತ್ತದೆ ಎಂದು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದೆ.

"ಇದೇ ಇರಲಿ," ಎಂದೆ ಎದ್ದು ನಿಂತು.

"ಮೂರು ತಿಂಗಳಿಗೊಮ್ಮೆ ಮಗುಚಿ ಹಾಕಿ ಸಾರ್," ಎಂದಷ್ಟೇ ಹೇಳಿ ಅವರು ಬಿಲ್ಲು ಬರೆದರು.

ಅಕ್ಕ ಬಂದ ದಿನ ನಾನು ಮದುಮಗನ ಹಾಗೆ ಓಡಾಡುತ್ತಿದ್ದೆ. ವಾಕರ್ ಹಿಡಿದು ನಿಧಾನವಾಗಿ ಬಂದು ದಿವಾನಿನ ಮುಂದೆ ನಿಂತಳು. ಅವಳ ಕೈ ನೇರವಾಗಿ ಗವುಸಿನ ಮೇಲೆ ಹೋಯಿತು. ಹೆಬ್ಬೆರಳು ಉಜ್ಜಿತು. ನಾನು ಅವಳ ತಮ್ಮ ತಾನೇ.

"ಒಳ್ಳೆ ನೇಯ್ಗೆ," ಎಂದಳು. "ಅಪ್ಪನ ಗವುಸಿನ ಪಟ್ಟೆ ಇದ್ದಂಗೇ ಇದೆ ತಮ್ಮಾ."

"ನೆನಪಿದೆಯಾ ಅಕ್ಕಾ? ಮಾತು ಕೊಟ್ಟಿದ್ದೆನಲ್ಲ."

"ಇರದೇ ಏನು," ಎಂದು ನನ್ನ ಕೆನ್ನೆ ಮುಟ್ಟಿದಳು. ಮುಖ ಅರಳಿತು. ನಾನು ಕಾದಿದ್ದು ಅದಕ್ಕೇ. ಆಮೇಲೆ ಎರಡೂ ಕೈ ಊರಿ, ಹಿಂದಕ್ಕೆ ಜರುಗಿ, ಸರೋಜ ಹಿಡಿದುಕೊಂಡ ಮೇಲೆ ಕೂತಳು. ಕೂತು ಎರಡು ಕಾಲನ್ನೂ ಒಂದು ಸಲ ಕೆಳಗೆ ನೋಡಿಕೊಂಡಳು. ನಾನು ಆ ಹೊತ್ತಿಗೆ ಇಂಚಿಗೆ ಎಷ್ಟು ಎಳೆ ಎಂದು ಹೇಳುವುದರಲ್ಲಿದ್ದೆ.

"ರೊಂಬ ಚೆನ್ನಾಗಿದೆ ಪಾ," ಎಂದಳು.

ಮೂವತ್ತಮೂರು ದಿನ ಇದ್ದಳು. ಹಗಲೆಲ್ಲ ಊಟದ ಮೇಜಿನ ಕುರ್ಚಿಯಲ್ಲೇ ಕೂತಿರುತ್ತಿದ್ದಳು. ಯಾಕಕ್ಕಾ, ಆರಾಮವಾಗಿ ಅಲ್ಲಿ ಕೂರಬಾರದೇ ಎಂದರೆ, "ಇಲ್ಲಿ ಸರೋಜನ ಜೊತೆ ಮಾತಾಡೋಕೆ ವಸದಿ," ಅನ್ನುತ್ತಿದ್ದಳು. ವಸದಿ ಅಂದರೆ ಅನುಕೂಲ. ಬೆಳಿಗ್ಗೆ ನಾನು ಕೋಣೆಯಿಂದ ಬರುವಷ್ಟರಲ್ಲಿ ಎದ್ದು, ಮೆತ್ತೆಯ ಮೇಲೆ ತನ್ನ ಹಳೆಯ ಸೀರೆ ಹಾಸಿರುತ್ತಿದ್ದಳು, ನಡುವೆ ಒಂದು ತಗ್ಗು ಇರುತ್ತಿತ್ತು. ಮನೆಗೆ ಯಾರೇ ಬರಲಿ, ನಾನು ಆ ಸೀರೆಯನ್ನು ಸರಿಸಿ ಗವುಸನ್ನು ತೋರಿಸುತ್ತಿದ್ದೆ. ಕನ್ನಡಿ ಕೊಟ್ಟು ಎಣಿಸಿ ನೋಡಿ ಅನ್ನುತ್ತಿದ್ದೆ. ಪಾಪ, ಬಂದವರು ಎಣಿಸುತ್ತಲೂ ಇದ್ದರು.

ಮೂವತ್ತನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ, "ಮಣಿಗೆ ಫೋನ್ ಮಾಡು, ಬಂದು ಕರ್ಕೊಂಡು ಹೋಗಲಿ," ಎಂದಳು.

"ಯಾಕೆ? ಏನಾಯ್ತು?"

"ಏನೂ ಇಲ್ಲ. ಮಗ್ಗದ ಸದ್ದು ಇಲ್ಲದೆ ಹೊತ್ತೇ ಹೋಗಲ್ಲ ತಮ್ಮಾ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಪ್ಪನ ಮುಂಗೋಪದಲ್ಲಿ ಪಾಲು ನನಗೂ ಬಂದಿದೆ. ಎಷ್ಟು ಆಸೆಯಿಂದ ಮಾಡಿಸಿದ್ದು, ಎಷ್ಟು ಹುಡುಕಿ ತಂದದ್ದು, ಇವಳಿಗೆ ನಾಲ್ಕು ಪವರ್‌ಲೂಮಿನ ಗಡಗಡ ಸದ್ದು ಹೆಚ್ಚಾಯಿತೇ.

"ಹೋಗು. ಮೆತ್ತೆ ಮೇಲೆ ಮಲಗೋ ಯೋಗ ನಿನ್ನ ಹಣೇಲಿ ಬರೆದಿಲ್ಲ. ನಿನಗೆ ನೆಲವೇ ಸರಿ," ಎಂದುಬಿಟ್ಟೆ.

ಅಕ್ಕ ನಕ್ಕಳು. "ಹೌದು ಪಾ," ಎಂದಳು. ಸರೋಜ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಆಮೇಲೆ ಎರಡು ತಿಂಗಳು ನಾನು ಅಕ್ಕನಿಗೆ ಫೋನ್ ಮಾಡಲಿಲ್ಲ. ಅರವತ್ತಾರು ವರ್ಷದ ಮುದುಕ ಮುಖ ಊದಿಸಿಕೊಂಡು ಕೂತಿದ್ದೆ. ಫೋನು ಬಂದರೆ ಸರೋಜ ಮಾತಾಡುತ್ತಿದ್ದಳು. ನಾನು ಪೇಪರು ಓದುವವನ ಹಾಗೆ ಕೂತು ಕಿವಿ ಮಾತ್ರ ಅತ್ತ ಇಟ್ಟಿರುತ್ತಿದ್ದೆ. "ಅವರಿದ್ದಾರೆ, ಚೆನ್ನಾಗಿದ್ದಾರೆ," ಎಂದು ಸರೋಜ ಹೇಳುವುದು ಕೇಳಿದರೆ, ಅಕ್ಕ ನನ್ನನ್ನು ಕೇಳಿದಳು ಎಂದು ಗೊತ್ತಾಗುತ್ತಿತ್ತು. ಅಷ್ಟು ಸಾಕಾಗಿತ್ತು ನನ್ನ ಜಂಭಕ್ಕೆ.

ಮೂರು ತಿಂಗಳು ತುಂಬಿತು. ಅಂಗಡಿಯವರು ಹೇಳಿದ್ದ ಹಾಗೆ ಮೆತ್ತೆ ಮಗುಚಬೇಕು. ಒಂದು ಭಾನುವಾರ ಮಧ್ಯಾಹ್ನ ನಾನೂ ಸರೋಜಳೂ ಆ ಕಡೆ ಈ ಕಡೆ ಹಿಡಿದು ಎತ್ತಿದೆವು. ಎತ್ತುವ ಮೊದಲು ನನ್ನ ಹೆಬ್ಬೆರಳು ಅದರ ಕೆಲಸ ಮಾಡಿತು. ಮಲಗಿದ ಬಟ್ಟೆಗೆ ಒಂದು ಗುಣ ಇರುತ್ತದೆ. ಭುಜ ತಾಗುವ ಕಡೆ, ಸೊಂಟ ತಾಗುವ ಕಡೆ ಎಳೆ ಸ್ವಲ್ಪ ಮೆತ್ತಗಾಗಿ ರೋಮ ಏಳುತ್ತದೆ. ಈ ಗವುಸಿನಲ್ಲಿ ಅದು ಇಲ್ಲವೇ ಇಲ್ಲ. ಅಂಗಡಿಯಲ್ಲಿ ಹೇಗಿತ್ತೋ ಹಾಗೇ ಇದೆ. ಮೂವತ್ತಮೂರು ದಿನ ಒಬ್ಬರು ಮಲಗಿದ ಬಟ್ಟೆ ಇದಲ್ಲ ಎಂದು ಕಂಪನಿಯಲ್ಲಾಗಿದ್ದರೆ ನಾನು ಕಣ್ಣುಮುಚ್ಚಿ ಹೇಳುತ್ತಿದ್ದೆ.

ಸರೋಜ ಬಗ್ಗಿ ಕೆಳಗಿನ ಡ್ರಾಯರ್ ಎಳೆದಳು. ಒಳಗೆ ಒಂದು ಕೋರೆ ಹುಲ್ಲಿನ ಚಾಪೆ ಸುರುಳಿ ಸುತ್ತಿ ಇತ್ತು. ಅದರೊಳಗೆ ಅಕ್ಕನ ಒಂದು ಹಳೆಯ ದುಪ್ಪಟಿ.

"ಮೊದಲನೇ ದಿನದಿಂದ ಕೆಳಗೇ ಮಲಗಿದ್ರು," ಎಂದಳು ಸರೋಜ. "ಒಂದು ದಿನ ಬೆಳಿಗ್ಗೆ ಹಾಲು ತಗೊಳ್ಳೋಕೆ ಬೇಗ ಎದ್ದೆ. ನೋಡಿದ್ರೆ ಅಕ್ಕ ನೆಲದಿಂದ ಏಳೋಕಾಗದೆ ದಿವಾನಿನ ಅಂಚು ಹಿಡ್ಕೊಂಡು ಒದ್ದಾಡ್ತಿದ್ದಾರೆ. ಎದ್ದ ಮೇಲೆ ಚಾಪೆ ಸುತ್ತಿ ಒಳಗಿಟ್ಟು, ಮೆತ್ತೆ ನಡುವೆ ಎರಡು ಕೈಲೂ ಒತ್ತಿ ಒತ್ತಿ ತಗ್ಗು ಮಾಡಿದ್ರು."

"ಯಾಕೆ?" ಎಂದೆ.

"ಎತ್ತರ. ಅದರ ಮೇಲೆ ಕೂತರೆ ಅವರ ಕಾಲು ನೆಲಕ್ಕೆ ಎಟುಕಲ್ಲ. ಮಲಗಿದರೆ ಮೆತ್ತೆ ಒಳಕ್ಕೆ ಎಳ್ಕೊಳ್ಳುತ್ತೆ, ಹಿಡ್ಕೊಂಡು ಏಳೋಕೆ ಏನೂ ಇಲ್ಲ. ಬಚ್ಚಲಿಗೆ ಏಳಬೇಕಾದರೆ ಎಲ್ಲಿ ಬೀಳ್ತೀನೋ ಅಂತ ಭಯ ಅವರಿಗೆ."

"ನೀನು ನನಗೆ ಹೇಳಬಾರದಿತ್ತೇ?"

"ನನ್ನ ಕೈ ಹಿಡ್ಕೊಂಡು ಆಣೆ ಮಾಡಿಸ್ಕೊಂಡ್ರು. ಅವನಿಗೆ ಹೇಳಬೇಡಮ್ಮಾ, ಚಿಕ್ಕಂದಿಂದ ಆಸೆಪಟ್ಟು ತಂದಿದ್ದಾನೆ, ನೊಂದ್ಕೋತಾನೆ ಅಂದ್ರು. ನಾನೂ ನಿಮಗೆ ಅಂಗಡಿಗೆ ಹೋಗೋ ಮುಂಚೆಯೇ ಹೇಳಿದ್ದೆ."

ನಾನು ದಿವಾನಿನ ಮೇಲೆ ಕೂತೆ. ನನಗೆ ಉದ್ದ ಕಾಲು, ಪಾದ ನೆಲಕ್ಕೆ ತಾಗಿತು. ಪಕ್ಕದಲ್ಲಿ ಸರೋಜ ಕೂತಳು. ಅವಳ ಹಿಮ್ಮಡಿ ಗಾಳಿಯಲ್ಲಿತ್ತು. ಅಕ್ಕ ಸರೋಜಳಿಗಿಂತ ಒಂದು ಗೇಣು ಕಡಿಮೆ. ನಲವತ್ತು ವರ್ಷ ಕಾಲ ಕೆಳಗೆ ಏನಾದರೂ ಒತ್ತಿಕೊಂಡೇ ಕೂತವಳು ಅವಳು. ಎಡಗಾಲು ತುಳಿದರೆ ಹಾಸು ಏಳುತ್ತಿತ್ತು, ಬಲಗಾಲು ತುಳಿದರೆ ಇಳಿಯುತ್ತಿತ್ತು. ಆ ಕಾಲನ್ನು ನಾನು ನೇತು ಹಾಕಿಸಿದ್ದೆ. ಅದರ ಮೇಲೆ ನಿನಗೆ ನೆಲವೇ ಸರಿ ಎಂದು ಬೇರೆ ಹೇಳಿದ್ದೆ.

ಅಂದೇ ಹೊರಟು ಕರುಮತ್ತಂಪಟ್ಟಿಗೆ ಹೋಗಬೇಕಿತ್ತು. ಒಂದು ಗಂಟೆಯ ದಾರಿ ಅಷ್ಟೆ. ಹೋಗಲಿಲ್ಲ. ನಾಚಿಕೆ. ಬರಿಗೈಯಲ್ಲಿ ಹೋಗಿ ತಪ್ಪಾಯಿತು ಎನ್ನುವುದಕ್ಕಿಂತ, ದಿವಾನನ್ನು ಸರಿಮಾಡಿಸಿ ಆಮೇಲೆ ಹೋಗಿ ಕರೆದುಕೊಂಡು ಬಂದು ಒಮ್ಮೆಗೇ ತೋರಿಸೋಣ ಎಂದುಕೊಂಡೆ. ನೋಡಿ, ಮತ್ತೆ ಅದೇ ಬುದ್ಧಿ. ಆಸಾರಿಗೆ ಹೇಳಿ ಕಳಿಸಿದೆ. ಅವನು ಬಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಎಷ್ಟು ತಗ್ಗಿಸಲಿ ಸಾಮಿ? ಈ ಸಲನಾದ್ರೂ ಕೂರೋರ ಅಳತೆ ತನ್ನಿ," ಎಂದ. ಅಪ್ಪನೇ ಬಂದು ಹೇಳಿದ ಹಾಗಾಯಿತು. ನಾಳೆ ಹೋಗಿ ತರುತ್ತೇನೆ ಎಂದೆ. ನಾಳೆ ನಾಳೆ ಎಂದು ಹನ್ನೆರಡು ದಿನ ಕಳೆದೆ. ಅಕ್ಕನ ಎದುರಿಗೆ ಹೋಗಿ ನಿಂತರೆ ಮೊದಲ ಮಾತು ಏನಾಡಬೇಕು ಎಂಬುದೇ ನನಗೆ ಹೊಳೆಯುತ್ತಿರಲಿಲ್ಲ.

ಹದಿಮೂರನೆಯ ದಿನ ಮಣಿ ಫೋನ್ ಮಾಡಿದಳು. "ಚಿಕ್ಕಪ್ಪಾ, ಅತ್ತೆ ಹಿತ್ತಲ ಮೆಟ್ಟಿಲಲ್ಲಿ ಬಿದ್ದುಬಿಟ್ರು. ಮಂಡಿ ಮಡಚಲಿಲ್ಲವಂತೆ, ಹಂಗೇ ಪಕ್ಕಕ್ಕೆ ಬಿದ್ರು."

ಎಡಗಡೆಯ ಸೊಂಟದ ಮೂಳೆ ಮುರಿದಿತ್ತು. ಪ್ಲೇಟು ಹಾಕಿದರು. ಡಾಕ್ಟರು ಅಕ್ಕನ ಮಂಡಿಯನ್ನು ಒತ್ತಿ ನೋಡಿ, ಆಪರೇಷನ್ ಆದ ಮೇಲೆ ನೆಲದ ಮೇಲೆ ಮಲಗಿದ್ರಾ ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. "ಇಲ್ಲ ಡಾಕ್ಟರೇ. ನನ್ನ ತಮ್ಮ ಮೆತ್ತೆ ತಂದುಕೊಟ್ಟಿದ್ದಾನೆ," ಎಂದಳು. ನಾನು ಬಾಗಿಲ ಹೊರಗೆ ಹೋಗಿ ನಿಂತುಕೊಂಡೆ. ಇನ್ನು ಮೇಲೆ ನಡೆಯುವುದು ಕಷ್ಟ, ದಿನಕ್ಕೊಮ್ಮೆ ಹಿಡಿದುಕೊಂಡು ಕೂರಿಸಿದರೆ ಅದೇ ದೊಡ್ಡದು ಎಂದು ಅವರು ಆಮೇಲೆ ನನಗೆ ಹೇಳಿದರು.

ಆಸ್ಪತ್ರೆಯಿಂದ ಮಣಿಯ ಮನೆಗೆ ಬಂದ ಮೇಲೆ ನಾನು ಜೇಬಿನಿಂದ ಒಂದು ನೂಲು ತೆಗೆದೆ. ಅಕ್ಕ ಕಬ್ಬಿಣದ ಮಂಚದ ಮೇಲೆ ಮಲಗಿದ್ದಳು. ಮುಂದಿನ ಕೊಠಡಿಯಲ್ಲಿ ಲೂಮುಗಳು ಗಡಗಡ ಅನ್ನುತ್ತಿದ್ದವು.

"ಏನದು?" ಎಂದಳು.

"ಅಳತೆ ಬೇಕು ಅಕ್ಕಾ."

ಅವಳಿಗೆ ಎಲ್ಲ ಗೊತ್ತಾಯಿತು. ಸೀರೆಯನ್ನು ಸ್ವಲ್ಪ ಸರಿಸಿ ಒಳ್ಳೆಯ ಕಾಲನ್ನು ಈಚೆಗೆ ಕೊಟ್ಟಳು. ಮಂಡಿಯ ಹಿಂದಿನಿಂದ ಹಿಮ್ಮಡಿಯ ತನಕ ನೂಲು ಹಿಡಿದೆ. ಹಿಮ್ಮಡಿ ಒಡೆದು ಗಟ್ಟಿಯಾಗಿತ್ತು, ಪಾದದ ನಡುವೆ ಪಟ್ಟಿ ತುಳಿದು ತುಳಿದು ಬಿದ್ದ ಗೆರೆ ಇನ್ನೂ ಇತ್ತು. ಹುಟ್ಟಿದ ಮೇಲೆ ಮೊದಲ ಸಲ ನಾನು ಅಕ್ಕನ ಪಾದವನ್ನು ಸರಿಯಾಗಿ ನೋಡಿದೆ. ಗಂಟು ಹಾಕಿದೆ.

"ಎಷ್ಟಾಯ್ತು?"

"ಹದಿನಾರಿಂಚು."

"ಅದು ಎಷ್ಟಿತ್ತು, ನಿನ್ನ ದಿವಾನು?"

"ಇಪ್ಪತ್ತಮೂರು."

ಅಕ್ಕ ಕಣ್ಣು ಮುಚ್ಚಿಕೊಂಡು ನಕ್ಕಳು. "ಏಳಿಂಚಾ? ಹೋಗಲಿ ಬಿಡು. ಅಪ್ಪ ಇದ್ದಿದ್ರೆ ನಿನ್ನ ಬೆನ್ನು ಮುರೀತಿದ್ದ."

"ನಾನು ಆ ದಿನ ಅಂದ ಮಾತು..." ಎಂದು ಶುರುಮಾಡಿದೆ.

"ಯಾವ ಮಾತು? ಲೂಮ್ ಸದ್ದಿಗೆ ಏನೂ ಕೇಳಿಸ್ತಿಲ್ಲ ಪಾ," ಎಂದಳು. ನಲವತ್ತು ವರ್ಷ ಮಗ್ಗದ ಪಕ್ಕದಲ್ಲಿ ಪಿಸುಮಾತು ಕೇಳಿಸಿಕೊಂಡವಳು.

ಆಸಾರಿ ಡ್ರಾಯರ್ ಕಿತ್ತು, ಚೌಕಟ್ಟು ಕತ್ತರಿಸಿ, ಪ್ಲೈವುಡ್ ತೆಗೆದ. ನಾಡಾ ಮಾತ್ರ ನಾನೇ ಹೆಣೆಯುತ್ತೇನೆ ಎಂದೆ. ಜೀವಮಾನವೆಲ್ಲ ಬೇರೆಯವರ ನೇಯ್ಗೆಯಲ್ಲಿ ತಪ್ಪು ಹುಡುಕಿದವನು ಮೊದಲ ಸಲ ಹಾಸು ಎಳೆದು ಹೊಕ್ಕು ಹೊಗಿಸಿದೆ. ಮೂರು ದಿನ ಹಿಡಿಯಿತು, ಬೆರಳು ಕಿತ್ತುಹೋಯಿತು. ಅದೇ ಅಂಗಡಿಗೆ ಹೋಗಿ ಮೂಲೆಯ ಇಲವಂಪಂಜಿನ ತೆಳು ಮೆತ್ತೆಯನ್ನು ಕೇಳಿದೆ. ಕೊಳ್ಳುವ ಮೊದಲು ಚಪ್ಪಲಿ ಬಿಟ್ಟು, ಗಾಜಿನ ಗೋಡೆಯ ಪಕ್ಕದಲ್ಲಿ, ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿರುವಾಗ ಹತ್ತು ನಿಮಿಷ ಮಲಗಿದೆ. ಎದ್ದಾಗ ಯಜಮಾನರು ಬಿಲ್ಲು ಬರೆದರು.

ದಿವಾನನ್ನು ಸಣ್ಣ ಲಾರಿಯಲ್ಲಿ ಹೇರಿಕೊಂಡು ಕರುಮತ್ತಂಪಟ್ಟಿಗೆ ಒಯ್ದೆ. ಈಗ ಅದು ಮಣಿಯ ಮನೆಯಲ್ಲಿ, ಲೂಮಿನ ಸದ್ದು ಕೇಳುವ ಕಡೆ ಇದೆ. ಅಕ್ಕನನ್ನು ಅದರ ಮೇಲೆ ಮಲಗಿಸಿದ ದಿನ ಅವಳ ಕೈ ಮೆತ್ತೆಯ ಪಕ್ಕದಿಂದ ಕೆಳಗಿಳಿದು ನಾಡಾ ಮುಟ್ಟಿತು. ಹೆಬ್ಬೆರಳು ಮೆಲ್ಲಗೆ ಅಲ್ಲಿ ಇಲ್ಲಿ ಓಡಾಡಿತು.

"ಇಲ್ಲಿ ಎರಡು ಎಳೆ ಬಿಟ್ಟಿದ್ದೀಯ," ಎಂದಳು.

"ಬಿಚ್ಚಿ ಹೆಣೀಲಾ?"

"ಬೇಡ. ಇರಲಿ. ನೀನು ನೇಯ್ದದ್ದು ಅಂತ ಗೊತ್ತಾಗಲಿ."

ಮೂವತ್ತಮೂರು ದಿನ ನನ್ನ ಮನೆಯ ನೆಲದ ಮೇಲೆ ಮಲಗಿದ್ದರಿಂದಲೇ ಆ ಮಂಡಿ ಕೆಟ್ಟಿತೋ, ಇಲ್ಲದಿದ್ದರೂ ಕೆಡುತ್ತಿತ್ತೋ, ಯಾರೂ ನನಗೆ ಖಚಿತವಾಗಿ ಹೇಳುವುದಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ವಾರಕ್ಕೆರಡು ಸಲ ಹೋಗುತ್ತೇನೆ. ಅವಳ ನೂಲನ್ನು ಮಣಿ ಚೌಡೇಶ್ವರಿಯ ಪಟದ ಕೆಳಗೆ ಸಿಕ್ಕಿಸಿದ್ದಾಳೆ. ಹಳೆಯದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ನಾನು ಹೋದ ದಿನ ಕೂರಿಸುವ ಕೆಲಸ ನನ್ನದು. ಭುಜದ ಕೆಳಗೆ ಒಂದು ಕೈ, ಮಂಡಿಯ ಕೆಳಗೆ ಒಂದು ಕೈ ಕೊಟ್ಟು, ಅಕ್ಕನನ್ನು ನಿಧಾನವಾಗಿ ತಿರುಗಿಸಿ, ಎರಡು ಕಾಲನ್ನೂ ಅಂಚಿನಿಂದ ಕೆಳಗೆ ಇಳಿಸುತ್ತೇನೆ. ಪಾದ ಎರಡೂ ಸಮನಾಗಿ ನೆಲದ ಮೇಲೆ ಕೂರುತ್ತವೆ, ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಮುಂದಿನ ಕೊಠಡಿಯಲ್ಲಿ ಲೂಮು ಓಡುತ್ತಿರುತ್ತದೆ. ಅದಕ್ಕೆ ಸರಿಯಾಗಿ ಅಕ್ಕನ ಬಲಪಾದ ನೆಲವನ್ನು ಒಮ್ಮೆ ಒತ್ತುತ್ತದೆ. ಇನ್ನು ಎಡಗಾಲಿನ ಸರದಿ. ಅದು ಏಳುವುದಿಲ್ಲ. ಇಬ್ಬರೂ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾಯುತ್ತೇವೆ.

"ಎಟುಕುತ್ತೆ ತಮ್ಮಾ," ಅನ್ನುತ್ತಾಳೆ ಅಕ್ಕ, ನನ್ನನ್ನು ಸಮಾಧಾನ ಮಾಡಲು. "ಸರಿಯಾಗಿ ಎಟುಕುತ್ತೆ."